ಚಿಲ್ಲರ್‌ನ ಮೋಟಾರ್ ಡ್ರೈವ್: ವೈರಿಂಗ್ ಮತ್ತು ಸರ್ವಿಸ್‌ನಲ್ಲಿ ಬಿಡಬೇಕಾದ ಸ್ಟಾರ್-ಡೆಲ್ಟಾ ಅಭ್ಯಾಸಗಳು

ಸ್ಟಾರ್-ಡೆಲ್ಟಾ (ಮೋಟಾರನ್ನು ಕಡಿಮೆ ವೋಲ್ಟೇಜ್‌ನಲ್ಲಿ ಶುರು ಮಾಡಿ ಆಮೇಲೆ ಪೂರ್ಣಕ್ಕೆ ಬದಲಿಸುವ ಹಳೆಯ ಸ್ಟಾರ್ಟರ್) ಪ್ಯಾನೆಲ್‌ನಲ್ಲಿ ಕೈ ಪಳಗಿದ ಎಲೆಕ್ಟ್ರಿಷಿಯನ್‌ಗೆ, ಚಿಲ್ಲರ್‌ನಲ್ಲಿ (ನೀರು ತಣ್ಣಗೆ ಮಾಡುವ ಯಂತ್ರದಲ್ಲಿ) ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ನೋಡಿದ ಕೂಡಲೇ ಕೆಲಸ ಹಗುರಾಯಿತು ಅನಿಸುತ್ತದೆ. ಮೂರು ಕಾಂಟ್ಯಾಕ್ಟರ್ ಇಲ್ಲ, ಟೈಮರ್ ಇಲ್ಲ, ಮೋಟಾರಿಗೆ ಆರು ವೈರ್ ಎಳೆಯುವ ಗೋಳಿಲ್ಲ. ಬರುವ ಮೂರು, ಹೋಗುವ ಮೂರು, ಅಷ್ಟೇ. ಆದರೆ ಹಳೆಯ ಕೈ ಹಳೆಯದನ್ನೇ ಮಾಡುತ್ತದೆ: ಬ್ರೇಕರ್ ಇಳಿಸಿದ ಕೂಡಲೇ ಕವರ್ ಬಿಚ್ಚುತ್ತದೆ, ಪ್ಯಾನೆಲ್‌ನಿಂದಲೇ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಾಕುತ್ತದೆ, ಮೋಟಾರ್ ಉಲ್ಟಾ ತಿರುಗಿದರೆ ಒಳಬರುವ ಫೇಸ್ ಅದಲುಬದಲು ಮಾಡುತ್ತದೆ. ಈ ಮೂರರಲ್ಲಿ ಮೊದಲನೆಯದು ಜೀವಕ್ಕೆ, ಎರಡನೆಯದು ಡ್ರೈವ್‌ಗೆ, ಮೂರನೆಯದು ಬೈಪಾಸ್ (ಡ್ರೈವ್ ಬಿಟ್ಟು ಮೋಟಾರನ್ನು ನೇರ ಲೈನಿನಿಂದ ಓಡಿಸುವ ದಾರಿ) ಇದ್ದರೆ ಕಂಪ್ರೆಸರ್‌ಗೇ ಕುತ್ತು.

ಇಲ್ಲಿ ಬರೆದಿರುವುದು 380ರಿಂದ 480 ವೋಲ್ಟ್‌ವರೆಗಿನ ಮೂರು ಫೇಸ್ ಡ್ರೈವ್‌ಗಳಿಗೆ. ಹೈ-ಟೆನ್ಷನ್ ಡ್ರೈವ್‌ಗಳ ಕ್ರಮವೇ ಬೇರೆ. ಕೆಲಸ ಮಾಡುವವರು ಅಧಿಕೃತ ಪರವಾನಗಿ ಇರುವವರಾಗಿರಬೇಕು. ಡ್ರೈವ್‌ನ ಅಥವಾ ಕಂಪ್ರೆಸರ್‌ನ ಕೈಪಿಡಿ ಇಲ್ಲಿನ ಅಂಕಿಗಿಂತ ಬೇರೆ ಹೇಳಿದರೆ ಕೈಪಿಡಿಯದ್ದೇ ಅಂತಿಮ.

ಆಫ್ ಆದ ಮೇಲೂ ಕರೆಂಟ್ ಎಲ್ಲೆಲ್ಲಿ

ಡ್ರೈವ್ ಮೊದಲು ಎಸಿಯನ್ನು ಡಿಸಿ ಮಾಡಿ ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ; ಈ ಭಾಗವೇ ಡಿಸಿ ಬಸ್. ಆಮೇಲೆ ಐಜಿಬಿಟಿಗಳು (ಅತಿ ವೇಗದ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಆ ಡಿಸಿಯನ್ನು ಕತ್ತರಿಸಿ ಮೋಟಾರಿಗೆ ಬೇಕಾದ ಫ್ರೀಕ್ವೆನ್ಸಿಯ ಎಸಿ ಮಾಡಿ ಕಳಿಸುತ್ತವೆ. ಒಳಬರುವುದು 415 ವೋಲ್ಟ್ ಆದರೆ ಡಿಸಿ ಬಸ್‌ನಲ್ಲಿ ನಿಲ್ಲುವುದು ಅದರ 1.414 ಪಟ್ಟು, ಅಂದರೆ ಸುಮಾರು 587 ವೋಲ್ಟ್. 480ಕ್ಕೆ ಸುಮಾರು 680. ಬ್ರೇಕರ್ ಇಳಿಸಿದರೆ ಇದು ತಕ್ಷಣ ಮಾಯವಾಗುವುದಿಲ್ಲ. ಒಳಗಿನ ರೆಸಿಸ್ಟರ್‌ಗಳ ಮೂಲಕ ನಿಧಾನವಾಗಿ ಇಳಿಯುತ್ತದೆ. ಎಷ್ಟು ಹೊತ್ತು ಎಂಬುದು ಡ್ರೈವ್‌ನ ಕವರ್ ಮೇಲಿನ ಸ್ಟಿಕ್ಕರ್‌ನಲ್ಲೇ ಇರುತ್ತದೆ. 5ರಿಂದ 15 ನಿಮಿಷ ಸಾಮಾನ್ಯ, ದೊಡ್ಡ ಘಟಕಗಳಲ್ಲಿ ಇನ್ನೂ ಹೆಚ್ಚು. ಆ ರೆಸಿಸ್ಟರ್ ಸುಟ್ಟು ಓಪನ್ ಆಗಿದ್ದರೆ ಸ್ಟಿಕ್ಕರ್ ಹೇಳಿದ ಹೊತ್ತು ಮುಗಿದರೂ ವೋಲ್ಟೇಜ್ ಹಾಗೇ ನಿಂತಿರುತ್ತದೆ. ಡಿಸ್‌ಪ್ಲೇ ಆರಿತು, ಕೆಂಪು ದೀಪ ನಂದಿತು ಎನ್ನುವುದು ಸಾಕ್ಷಿಯಲ್ಲ. ಡಿಸ್‌ಪ್ಲೇಗೆ ಕರೆಂಟ್ ಕೊಡುವ ಸರ್ಕ್ಯೂಟ್ ಬಸ್ ಪೂರ್ತಿ ಖಾಲಿಯಾಗುವ ಮೊದಲೇ ಕೈಬಿಡುತ್ತದೆ.

ಬಸ್ ಒಂದೇ ಅಲ್ಲ. ಚಿಲ್ಲರ್‌ನಲ್ಲಿ ಇನ್ನೂ ನಾಲ್ಕೈದು ಕಡೆಯಿಂದ ಕರೆಂಟ್ ಬರುತ್ತದೆ:

- ಕಂಪ್ರೆಸರ್‌ನ ಆಯಿಲ್ ಹೀಟರ್. ಕಂಪ್ರೆಸರ್ ನಿಂತಾಗಲೇ ಇದು ಉರಿಯಬೇಕು, ಹಾಗಾಗಿ ಬಹಳ ಕಡೆ ಇದರ ಸಪ್ಲೈ ಮುಖ್ಯ ಐಸೊಲೇಟರ್‌ಗಿಂತ ಮೊದಲೇ ಕವಲೊಡೆದಿರುತ್ತದೆ. ಮೇನ್ ಇಳಿಸಿದರೂ ಹೀಟರ್ ಟರ್ಮಿನಲ್‌ನಲ್ಲಿ 230 ವೋಲ್ಟ್ ಇರಬಹುದು.
- ಪ್ರತ್ಯೇಕ ಕಂಟ್ರೋಲ್ ಸಪ್ಲೈ, ಮತ್ತು ಡ್ರೈವ್‌ನ ರಿಲೇ ಔಟ್‌ಪುಟ್‌ಗೆ ಪಕ್ಕದ ಪ್ಯಾನೆಲ್‌ನಿಂದ ಬಂದಿರುವ ಇಂಟರ್‌ಲಾಕ್ ವೈರ್. ಹೀಗೆ ಮುಖ್ಯ ಸ್ವಿಚ್ ಇಳಿಸಿದರೂ ಜೀವಂತ ಇರುವ ವೈರ್‌ಗೆ ಐಇಸಿ 60204-1 ಕಿತ್ತಳೆ ಬಣ್ಣ ಹೇಳುತ್ತದೆ. ಹಳೆಯ ಪ್ಯಾನೆಲ್‌ನಲ್ಲಿ ಅದನ್ನು ನಂಬಿಕೊಳ್ಳಬೇಡಿ.
- ಬೈಪಾಸ್ ಲೈನ್. ಡ್ರೈವ್‌ನ ಐಸೊಲೇಟರ್ ಇಳಿಸಿದರೂ ಬೈಪಾಸ್ ಕಾಂಟ್ಯಾಕ್ಟರ್ ಮೂಲಕ ಮೋಟಾರ್ ಟರ್ಮಿನಲ್‌ಗೆ ಪೂರ್ಣ ವೋಲ್ಟೇಜ್ ಬರುತ್ತದೆ. ಡ್ರೈವ್‌ನ ಹೊರಹೋಗುವ ಕಡೆಯೂ ಹಿಂದಿನಿಂದ ಜೀವಂತವಾಗಬಹುದು.
- ಗಾಳಿಗೆ ತಾನಾಗಿ ತಿರುಗುವ ಕಂಡೆನ್ಸರ್ ಫ್ಯಾನ್, ನಾನ್-ರಿಟರ್ನ್ ವಾಲ್ವ್ ಸೋರಿ ಹಿಮ್ಮುಖ ತಿರುಗುವ ಪಂಪ್. ಮೋಟಾರ್ ಪರ್ಮನೆಂಟ್ ಮ್ಯಾಗ್ನೆಟ್‌ನದ್ದಾದರೆ ಅದು ಆಗ ಜನರೇಟರ್. ಶಾಫ್ಟ್ ತಿರುಗದಂತೆ ಕಟ್ಟಿಹಾಕದೆ ಟರ್ಮಿನಲ್ ಮುಟ್ಟುವಂತಿಲ್ಲ.
- ಒಂದೇ ಪೈಪಿನಲ್ಲಿ ಬೇರೆ ಡ್ರೈವ್‌ನ ಮೋಟಾರ್ ಕೇಬಲ್. ಓಡುತ್ತಿರುವ ಪಕ್ಕದ ಡ್ರೈವ್ ಬೀಗ ಹಾಕಿದ ಕೇಬಲ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ, ಶಾಕ್ ಹೊಡೆಸುವಷ್ಟು.

ಬೀಗ, ಕಾಯುವಿಕೆ, ಅಳತೆ

1. ಚಿಲ್ಲರ್ ಅನ್ನು ಕಂಟ್ರೋಲರ್‌ನಿಂದಲೇ ನಿಲ್ಲಿಸಿ. ಓಡುವಾಗ ಐಸೊಲೇಟರ್ ಎಳೆಯಬೇಡಿ. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆಗಬೇಕು, ನೀರಿನ ಪಂಪ್ ಇನ್ನಷ್ಟು ಹೊತ್ತು ಓಡಿ ಇವ್ಯಾಪರೇಟರ್ ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು.

2. ಮುಖ್ಯ ಐಸೊಲೇಟರ್, ಬೈಪಾಸ್, ಕಂಟ್ರೋಲ್ ಸಪ್ಲೈ, ಹೀಟರ್ ಸಪ್ಲೈ ಇಷ್ಟನ್ನೂ ಇಳಿಸಿ. ಪ್ರತಿಯೊಂದಕ್ಕೂ ನಿಮ್ಮದೇ ಬೀಗ, ನಿಮ್ಮದೇ ಹೆಸರಿನ ಟ್ಯಾಗ್, ಕೀಲಿ ನಿಮ್ಮ ಜೇಬಿನಲ್ಲಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ.

3. ಬೀಗ ಹಾಕಿದ ಸಮಯ ಟ್ಯಾಗ್ ಮೇಲೆ ಬರೆಯಿರಿ. ಕಾಯುವ ಲೆಕ್ಕ ಅಲ್ಲಿಂದ ಶುರು. ಅಂದಾಜಿನ ಹತ್ತು ನಿಮಿಷ ಯಾವಾಗಲೂ ಆರೇ ನಿಮಿಷಕ್ಕೆ ಮುಗಿಯುತ್ತದೆ.

4. ಮೀಟರ್ ಕ್ಯಾಟ್ 3ರ 1000 ವೋಲ್ಟ್ ಅಥವಾ ಕ್ಯಾಟ್ 4ರ 600 ವೋಲ್ಟ್ ದರ್ಜೆಯದಾಗಿರಲಿ, ಪ್ರೋಬ್‌ಗಳೂ ಅದೇ ದರ್ಜೆಯವು. ಮೊದಲು ಕರೆಂಟ್ ಇರುವುದು ಖಚಿತವಿರುವ ಕಡೆ ಅಥವಾ ಪ್ರೂವಿಂಗ್ ಯೂನಿಟ್‌ನಲ್ಲಿ (ಮೀಟರ್ ಪರೀಕ್ಷಿಸಲು ವೋಲ್ಟೇಜ್ ಕೊಡುವ ಸಣ್ಣ ಉಪಕರಣ) ಮೀಟರ್ ಸರಿಯಿದೆಯೇ ನೋಡಿ. ಕ್ಲಾಸ್ 0 ರಬ್ಬರ್ ಗ್ಲೌಸ್, ಅದರ ಮೇಲೆ ಚರ್ಮದ ಗ್ಲೌಸ್, ಮುಖಕ್ಕೆ ಆರ್ಕ್ ಶೀಲ್ಡ್. ಕರೆಂಟ್ ಇಲ್ಲ ಎಂದು ಅಳೆದು ತೋರುವವರೆಗೂ ಇದೆ ಎಂದೇ ಲೆಕ್ಕ.

5. ಎಸಿ ರೇಂಜ್‌ನಲ್ಲಿ ಆರ್, ಎಸ್, ಟಿ (ಒಳಬರುವ ಮೂರು ಟರ್ಮಿನಲ್) ಪರಸ್ಪರ ಮತ್ತು ಪ್ರತಿಯೊಂದೂ ಅರ್ಥಿಂಗ್‌ಗೆ. ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ಕೂಡ ಹಾಗೆಯೇ. ಆಮೇಲೆ ಮೀಟರನ್ನು ಡಿಸಿಗೆ ತಿರುಗಿಸಿ ಬಸ್‌ನ ಪ್ಲಸ್-ಮೈನಸ್ ನಡುವೆ, ಮತ್ತು ಎರಡರಿಂದಲೂ ಅರ್ಥಿಂಗ್‌ಗೆ. ಎಸಿ ರೇಂಜ್‌ನಲ್ಲೇ ಬಸ್ ಅಳೆದರೆ ಬಹಳಷ್ಟು ಮೀಟರ್ 587 ವೋಲ್ಟ್ ಡಿಸಿ ಎದುರಿಗಿದ್ದರೂ ಸೊನ್ನೆ ತೋರಿಸುತ್ತದೆ. ಈ ಕೆಲಸದ ಅತಿ ಕೆಟ್ಟ ತಪ್ಪು ಇದೇ, ಏಕೆಂದರೆ ತಪ್ಪು ಮಾಡಿದವರಿಗೆ ತಾವು ಅಳೆದಿದ್ದೇವೆ ಎಂಬ ಧೈರ್ಯವೂ ಜೊತೆಗಿರುತ್ತದೆ.

6. ಬಸ್ 50 ವೋಲ್ಟ್‌ಗಿಂತ ಕೆಳಗಿದೆಯೇ, ಇನ್ನೂ ಇಳಿಯುತ್ತಿದೆಯೇ ನೋಡಿ. ನಂತರ ಮೀಟರನ್ನು ಮತ್ತೊಮ್ಮೆ ಜೀವಂತ ಮೂಲದಲ್ಲಿ ಪರೀಕ್ಷಿಸಿ. ಅಳೆಯುವಾಗಲೇ ಫ್ಯೂಸ್ ಹೋಗಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಬಸ್ ಇಳಿಯದೆ ನಿಂತಿದ್ದರೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ. ಕರಗಿದ ಲೋಹ ಹಾರುತ್ತದೆ, ಕೆಪಾಸಿಟರ್ ಸಿಡಿಯಬಹುದು. ಕವರ್ ಮುಚ್ಚಿ, ತಯಾರಕರು ಹೇಳಿದ ಡಿಸ್ಚಾರ್ಜ್ ರೆಸಿಸ್ಟರ್ ಉಪಕರಣ ತರಿಸಿ.

ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಬಗ್ಗೆಯೂ ಒಂದು ಮಾತು. ಈ ಇನ್‌ಪುಟ್ ತೆರೆದರೆ ಡ್ರೈವ್ ಮೋಟಾರಿಗೆ ಟಾರ್ಕ್ ಕೊಡುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಟರ್ಮಿನಲ್‌ಗಳು, ಬಸ್ ಎಲ್ಲ ಜೀವಂತ. ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದೂ ಹಾಗೆಯೇ. ಎರಡೂ ಬೀಗಕ್ಕೆ ಬದಲಿ ಅಲ್ಲ.

ಪವರ್ ವೈರಿಂಗ್

ಒಳಬರುವ ಕಡೆ ಫ್ಯೂಸ್ ಅಥವಾ ಬ್ರೇಕರ್ ಕೈಪಿಡಿ ಹೆಸರಿಸಿದ ವರ್ಗದ್ದೇ ಆಗಬೇಕು. ಸೆಮಿಕಂಡಕ್ಟರ್ ಫ್ಯೂಸ್ ಬೇಕೆಂದಿರುವಲ್ಲಿ ಅದೇ ಆಂಪಿಯರ್‌ನ ಸಾಮಾನ್ಯ ಫ್ಯೂಸ್ ಹಾಕಿದರೆ, ಶಾರ್ಟ್ ಆದಾಗ ಫ್ಯೂಸ್‌ಗಿಂತ ಮೊದಲು ಡಯೋಡ್ ಸಿಡಿಯುತ್ತದೆ. ಡ್ರೈವ್ ಒಳಗೆ ಡಿಸಿ ಚೋಕ್ ಇಲ್ಲದಿದ್ದರೆ ಒಳಬರುವ ಲೈನಿಗೆ ಶೇ. 3ರಿಂದ 5ರ ರಿಯಾಕ್ಟರ್ ಹಾಕಿ. ಹಾರ್ಮೋನಿಕ್ ತಗ್ಗುತ್ತದೆ, ಲೈನ್‌ನ ಏಟುಗಳೂ ಮೆತ್ತಗಾಗುತ್ತವೆ.

ಒಳಬರುವ ಲೈನನ್ನು ಯು, ವಿ, ಡಬ್ಲ್ಯುಗೆ ಕಟ್ಟಿ ಸ್ವಿಚ್ ಹಾಕಿದರೆ ಐಜಿಬಿಟಿ ಉಳಿಯುವುದಿಲ್ಲ. ಹಾಸ್ಯಾಸ್ಪದ ಎನಿಸಬಹುದು, ಆದರೆ ಕೆಲವು ಡ್ರೈವ್‌ಗಳಲ್ಲಿ ಎರಡೂ ಸಾಲು ಕೆಳಗೇ ಪಕ್ಕಪಕ್ಕ ಇರುತ್ತವೆ. ಕೇಬಲ್ ಒಳತರುವ ಮುನ್ನವೇ ಎರಡು ತುದಿಗೂ ಫೆರೂಲ್ ನಂಬರ್ ಹಾಕಿ.

ಟರ್ಮಿನಲ್ ಬಿಗಿಯುವುದು ಟಾರ್ಕ್ ರೆಂಚ್‌ನಿಂದ, ಕೈಪಿಡಿ ಹೇಳಿದ ನ್ಯೂಟನ್-ಮೀಟರ್‌ಗೆ. ಸಡಿಲವಾದರೆ ಕಾಯುತ್ತದೆ, ಕಾದು ಹಿಗ್ಗಿ ಕುಗ್ಗಿ ಇನ್ನೂ ಸಡಿಲವಾಗುತ್ತದೆ. ಅತಿಯಾದರೆ ಎಳೆಗಳು ಕತ್ತರಿಸುತ್ತವೆ ಅಥವಾ ಒಳಗಿನ ಬಸ್‌ಬಾರ್ ಬಿರುಕು ಬಿಡುತ್ತದೆ. ಬಿಗಿದ ಮೇಲೆ ಬೋಲ್ಟ್‌ನಿಂದ ಲಗ್‌ವರೆಗೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ. ಮುಂದಿನ ಸರ್ವಿಸ್‌ಗೆ ಬಂದವರಿಗೆ ಗೆರೆ ಮುರಿದಿದ್ದರೆ ಟಾರ್ಚ್ ಬೆಳಕಿನಲ್ಲೇ ಕಾಣುತ್ತದೆ. ಅಲ್ಯೂಮಿನಿಯಂ ಕೇಬಲ್ ಆದರೆ ಬೈಮೆಟಲ್ ಲಗ್ ಬಿಟ್ಟು ಬೇರೆ ಹಾಕಬೇಡಿ.

ಅರ್ಥಿಂಗ್ ವೈರ್ ವಿಚಾರದಲ್ಲಿ ಡ್ರೈವ್‌ಗೆ ವಿಶೇಷ ನಿಯಮವಿದೆ. ಫಿಲ್ಟರ್ ಮತ್ತು ಶೀಲ್ಡ್ ಕೇಬಲ್ ಮೂಲಕ ಸದಾ ಸ್ವಲ್ಪ ಲೀಕೇಜ್ ಹರಿಯುತ್ತಲೇ ಇರುತ್ತದೆ. ಅದು ಎಸಿಯಲ್ಲಿ 3.5 ಮಿಲಿಆಂಪಿಯರ್ ದಾಟುವಲ್ಲಿ ಐಇಸಿ 61800-5-1 ಪ್ರಕಾರ ಕನಿಷ್ಠ 10 ಚದರ ಮಿ.ಮೀ. ತಾಮ್ರದ ಅರ್ಥಿಂಗ್ ವೈರ್, ಇಲ್ಲವೇ ಈಗಿರುವ ಅರ್ಥಿಂಗ್ ವೈರ್‌ನಷ್ಟೇ ಗಾತ್ರದ ಎರಡನೆಯ ವೈರ್ ಬೇರೆ ಟರ್ಮಿನಲ್‌ಗೆ. ಒಂದು ಕಿತ್ತುಹೋದರೂ ಡ್ರೈವ್‌ನ ಮೈ ಶಾಕ್ ಹೊಡೆಯಬಾರದು ಎಂಬುದು ಇದರ ತರ್ಕ. ಆರ್‌ಸಿಡಿ (ಲೀಕೇಜ್ ಕಂಡರೆ ಟ್ರಿಪ್ ಆಗುವ ಸ್ವಿಚ್) ಬೇಕೇಬೇಕು ಎನ್ನುವಲ್ಲಿ ಬಿ ವರ್ಗದ್ದು ಹಾಕಿ. ಮೂರು ಫೇಸ್ ಡ್ರೈವ್‌ನ ನಯವಾದ ಡಿಸಿ ಲೀಕೇಜ್‌ಗೆ ಉಳಿದ ವರ್ಗದವು ಕುರುಡಾಗಬಹುದು. ನ್ಯೂಟ್ರಲ್ ಅರ್ಥಿಂಗ್ ಮಾಡದ ಸಪ್ಲೈ ಇರುವ ಘಟಕಗಳಲ್ಲಿ ಡ್ರೈವ್‌ನ ಇಎಂಸಿ (ವಿದ್ಯುತ್ಕಾಂತೀಯ ಗದ್ದಲ ತಡೆಯುವ) ಫಿಲ್ಟರ್ ಸ್ಕ್ರೂ ತೆಗೆಯಬೇಕೇ ಎಂದು ಕೈಪಿಡಿ ನೋಡಿ.

ಮೋಟಾರ್ ಕೇಬಲ್ ಮೂರು ಕೋರ್‌ನ, ಸಮಮಿತಿಯ, ಶೀಲ್ಡ್ ಇರುವಂಥದ್ದು. ಶೀಲ್ಡ್ ಎರಡೂ ತುದಿಯಲ್ಲಿ ಅರ್ಥಿಂಗ್ ಆಗಬೇಕು, ಅದೂ ಸುತ್ತಲೂ ಹಿಡಿದಂತೆ. ಮೇಲಿನ ಹೊದಿಕೆಯನ್ನು ಗ್ಲ್ಯಾಂಡ್ ಹಿಡಿಯುವ ಜಾಗಕ್ಕೆ ಸರಿಯಾಗಿ ಸುಲಿದು, ಜಾಲರಿ ಕತ್ತರಿಸದೆ ಹಿಂದಕ್ಕೆ ಮಡಚಿ, ಇಎಂಸಿ ಗ್ಲ್ಯಾಂಡ್‌ನ ಸ್ಪ್ರಿಂಗ್ ಜಾಲರಿಯ ಸುತ್ತಲೂ ಕಚ್ಚುವಂತೆ ಕೂರಿಸಿ. ಗ್ಲ್ಯಾಂಡ್ ಪ್ಲೇಟ್‌ನ ಪೇಂಟ್ ಕೆರೆದಿರಬೇಕು. ಜಾಲರಿಯನ್ನು ಹೆಣೆದು ಜಡೆ ಮಾಡಿ ಒಂದು ಸ್ಕ್ರೂಗೆ ಕಟ್ಟುವುದು ಹಳೆಯ ಕೈ. ಮೀಟರ್‌ನಲ್ಲಿ ಕಂಟಿನ್ಯೂಟಿ ಚೆನ್ನಾಗಿಯೇ ಬರುತ್ತದೆ, ಆದರೆ ಹೈ-ಫ್ರೀಕ್ವೆನ್ಸಿ ಕರೆಂಟ್‌ಗೆ ಆ ಜಡೆ ಒಂದು ಕಾಯಿಲ್ ಇದ್ದಂತೆ. ಅದು ಬೇರೆ ದಾರಿ ಹುಡುಕಿ ಬೇರಿಂಗ್ ಮೂಲಕವೋ ಟೆಂಪರೇಚರ್ ಸೆನ್ಸರ್ ವೈರ್ ಮೂಲಕವೋ ಹಿಂದಿರುಗುತ್ತದೆ. ಕಾರಣವಿಲ್ಲದೆ ಕುಣಿಯುವ ಟೆಂಪರೇಚರ್ ರೀಡಿಂಗ್ ಮೂಲ ಎಷ್ಟೋ ಸಲ ಈ ಜಡೆಯೇ.

ಕಂಟ್ರೋಲ್ ಕೇಬಲ್‌ನಿಂದ 200ರಿಂದ 300 ಮಿ.ಮೀ. ದೂರ, ದಾಟಲೇಬೇಕಾದರೆ ಲಂಬಕೋನದಲ್ಲಿ. ಕೇಬಲ್ ಉದ್ದವಾದಷ್ಟೂ ಪಲ್ಸ್‌ಗಳು ಮೋಟಾರ್ ತುದಿಯಲ್ಲಿ ಪ್ರತಿಫಲಿಸಿ ಬಸ್ ವೋಲ್ಟೇಜ್‌ನ ಎರಡು ಪಟ್ಟಿನ ಹತ್ತಿರಕ್ಕೆ ಏರಬಲ್ಲವು: 587 ಇದ್ದದ್ದು ವೈಂಡಿಂಗ್‌ಗೆ 1,100 ದಾಟುತ್ತದೆ. ಕೈಪಿಡಿಯ ಉದ್ದದ ಮಿತಿ ಮೀರಿದರೆ ಪಲ್ಸ್‌ನ ಏರಿಕೆ ನಿಧಾನಿಸುವ ಡಿವಿ-ಡಿಟಿ ಫಿಲ್ಟರ್, ಇನ್ನೂ ಉದ್ದಕ್ಕೆ ಸೈನ್ ಫಿಲ್ಟರ್.

ಡ್ರೈವ್ ಮತ್ತು ಮೋಟಾರ್ ನಡುವೆ ಪವರ್ ಫ್ಯಾಕ್ಟರ್ ಕೆಪಾಸಿಟರ್ ಇರಲೇಬಾರದು. ಹಳೆಯ ಪಂಪ್‌ಗೆ ಡ್ರೈವ್ ಹಾಕುವಾಗ ಮೋಟಾರ್ ಪಕ್ಕದ ಡಬ್ಬಿಯಲ್ಲಿ ಒಂದು ಮರೆತುಹೋಗಿ ಉಳಿದಿರುತ್ತದೆ, ಹುಡುಕಿ ತೆಗೆಯಿರಿ. ಮೋಟಾರ್ ಬಳಿ ಐಸೊಲೇಟರ್ ಬೇಕಾದರೆ, ಮುಖ್ಯ ಕಾಂಟ್ಯಾಕ್ಟ್‌ಗಿಂತ ಮೊದಲು ತೆರೆಯುವ ಸಹಾಯಕ ಕಾಂಟ್ಯಾಕ್ಟ್ ಇರುವುದನ್ನು ಆರಿಸಿ, ಅದನ್ನು ಡ್ರೈವ್‌ನ ಎನೇಬಲ್ ಇನ್‌ಪುಟ್‌ಗೆ ಕಟ್ಟಿ.

ಕಂಪ್ರೆಸರ್‌ನ ಟರ್ಮಿನಲ್ ಬಾಕ್ಸ್

ಹರ್ಮೆಟಿಕ್ ಮತ್ತು ಸೆಮಿ-ಹರ್ಮೆಟಿಕ್ ಕಂಪ್ರೆಸರ್‌ನಲ್ಲಿ (ಮೋಟಾರೂ ಗ್ಯಾಸ್ ಒಳಗೇ ಇರುವಂಥವು) ಟರ್ಮಿನಲ್ ಪಿನ್‌ನ ಒಂದು ಬದಿ ನಿಮ್ಮ ಕಡೆ, ಇನ್ನೊಂದು ಬದಿ ಒತ್ತಡದಲ್ಲಿರುವ ಗ್ಯಾಸ್ ಮತ್ತು ಎಣ್ಣೆಯಲ್ಲಿ. ನಡುವೆ ಇರುವುದು ಗಾಜು ಅಥವಾ ಸೆರಾಮಿಕ್ ಸೀಲ್. ಒಳಗೆ ಶಾರ್ಟ್ ಆಗಿ ಪಿನ್ ಸಡಿಲಗೊಂಡರೆ ಅದು ಗುಂಡಿನಂತೆ ಹಾರುತ್ತದೆ, ಹಿಂದೆಯೇ ಎಣ್ಣೆಯ ಮಂಜು, ಅದಕ್ಕೆ ಬೆಂಕಿ. ಆದ್ದರಿಂದ ಮುಚ್ಚಳ ಹಾಕಿ ಬಿಗಿಯದೆ ಪವರ್ ಕೊಡಬೇಡಿ. ಓಡುವಾಗ ಕ್ಲ್ಯಾಂಪ್ ಮೀಟರ್ ಹಾಕುವ ಜಾಗ ಪ್ಯಾನೆಲ್, ಇದಲ್ಲ. ನಟ್ ಬಿಗಿಯುವಾಗ ಕೆಳಗಿನ ನಟ್‌ಗೆ ಒಂದು ಸ್ಪ್ಯಾನರ್ ಹಿಡಿದು ಮೇಲಿನದ್ದನ್ನು ತಿರುಗಿಸಿ, ಇಲ್ಲದಿದ್ದರೆ ಪಿನ್ನೇ ತಿರುಗಿ ಸೀಲ್ ಬಿರುಕು ಬಿಡುತ್ತದೆ.

ಕಂಪ್ರೆಸರ್ ಒಳಗಿನ ಪಿಟಿಸಿ (ಕಾದಂತೆ ರೆಸಿಸ್ಟೆನ್ಸ್ ಏರುವ) ಸೆನ್ಸರ್‌ಗೆ ಮೆಗ್ಗರ್ ತಾಗಿಸಬೇಡಿ. ಸಾಮಾನ್ಯ ಮೂರು ಸೆನ್ಸರ್‌ಗಳ ಸರಣಿ ತಣ್ಣಗಿದ್ದಾಗ 750 ಓಮ್‌ಗಿಂತ ಕೆಳಗೆ ತೋರಬೇಕು, ಅಳೆಯುವ ವೋಲ್ಟೇಜ್ 2.5 ಮೀರಬಾರದು. ಅದನ್ನು ಡ್ರೈವ್‌ನ ಇನ್‌ಪುಟ್‌ಗೆ ನೇರ ಕಟ್ಟುವ ಮೊದಲು ಆ ಇನ್‌ಪುಟ್‌ಗೆ ಬಲವರ್ಧಿತ ಇನ್ಸುಲೇಷನ್ ಇದೆಯೇ ನೋಡಿ. ಇಲ್ಲವಾದರೆ ವೈಂಡಿಂಗ್ ಶಾರ್ಟ್ ಆದ ದಿನ ಮೇನ್ ವೋಲ್ಟೇಜ್ ಕಂಟ್ರೋಲರ್‌ವರೆಗೂ ಬರುತ್ತದೆ. ನಡುವೆ ಥರ್ಮಿಸ್ಟರ್ ರಿಲೇ ಇಡುವುದು ಕ್ಷೇಮ. ಬಾಕ್ಸ್ ಒಳಗೆ ಫೇಸ್ ಸೀಕ್ವೆನ್ಸ್ ನೋಡುವ ರಕ್ಷಣಾ ಮಾಡ್ಯೂಲ್ ಇದ್ದರೆ ಅದು ಡ್ರೈವ್‌ನ ಪಲ್ಸ್‌ಗಳನ್ನು ತಪ್ಪಾಗಿ ಓದಿ ಟ್ರಿಪ್ ಮಾಡಬಹುದು. ಡ್ರೈವ್ ಜೊತೆ ನಡೆಯುವ ಮಾದರಿ ಯಾವುದೆಂದು ಕಂಪ್ರೆಸರ್ ತಯಾರಕರ ಪಟ್ಟಿಯಲ್ಲಿರುತ್ತದೆ.

ಹೈ-ಪ್ರೆಷರ್ ಕಟ್‌ಔಟ್ ಸ್ವಿಚ್ ವೈರ್ ಮೂಲಕವೇ ಎಸ್‌ಟಿಒ ಅಥವಾ ಕಾಂಟ್ಯಾಕ್ಟರ್ ಕಾಯಿಲನ್ನು ಬಿಡಿಸಬೇಕು. ಕಂಟ್ರೋಲರ್‌ನ ಡಿಜಿಟಲ್ ಇನ್‌ಪುಟ್‌ಗೆ ಕಟ್ಟಿ, ಅಲ್ಲಿಂದ ನೆಟ್‌ವರ್ಕ್ ಮೂಲಕ ಸ್ಟಾಪ್ ಕಮಾಂಡ್ ಕಳಿಸುವುದನ್ನು ರಕ್ಷಣೆ ಎನ್ನುವಂತಿಲ್ಲ.

ಬೆವರುವ ಕೇಬಲ್

ಚಿಲ್ಲರ್ ಡ್ರೈವ್‌ಗೇ ವಿಶೇಷವಾದ ಶತ್ರು ನೀರು. ಬೆಚ್ಚಗಿನ ತೇವದ ಗಾಳಿ ಕಾಂಡ್ಯೂಟ್ ಒಳಗೆ ಸಾಗಿ ತಣ್ಣನೆಯ ಕಂಪ್ರೆಸರ್ ಮೈ ಹತ್ತಿರ ನೀರಾಗುತ್ತದೆ. ಕಾಂಡ್ಯೂಟ್ ಮೇಲಿನಿಂದ ಇಳಿದಿದ್ದರೆ ಆ ನೀರು ಟರ್ಮಿನಲ್ ಬಾಕ್ಸ್‌ಗೆ. ತಣ್ಣನೆಯ ಪೈಪ್ ಪಕ್ಕದಲ್ಲೇ ಹಾದು ಪ್ಯಾನೆಲ್ ಕಡೆ ಇಳಿದಿದ್ದರೆ ಡ್ರೈವ್‌ನ ತಲೆ ಮೇಲೆ. ಮಾಡಬೇಕಾದದ್ದು ಇಷ್ಟು: ಪ್ಯಾನೆಲ್‌ಗೆ ಕೇಬಲ್ ಕೆಳಗಿನಿಂದ ತನ್ನಿ, ಪ್ರವೇಶಕ್ಕೆ ಮುನ್ನ ಕೇಬಲ್‌ಗೆ ಒಂದು ತಗ್ಗು ಬಳುಕು ಕೊಡಿ, ಹನಿ ಅಲ್ಲೇ ಬೀಳಲಿ, ಕಾಂಡ್ಯೂಟ್‌ನ ಎರಡೂ ಬಾಯಿಗೆ ಡಕ್ಟ್ ಸೀಲ್ ತುಂಬಿ, ಪ್ಯಾನೆಲ್ ಮೇಲೆ ಹಾದ ತಣ್ಣೀರಿನ ಪೈಪ್‌ನ ಇನ್ಸುಲೇಷನ್ ಹರಿದಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ದೊಡ್ಡ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗಳ ಡ್ರೈವ್ ನೀರಿನಿಂದಲೋ ರೆಫ್ರಿಜರೆಂಟ್‌ನಿಂದಲೋ ತಂಪಾಗುತ್ತದೆ. ಕೋಲ್ಡ್ ಪ್ಲೇಟ್ ಸುತ್ತಲಿನ ಗಾಳಿಯ ಡ್ಯೂ ಪಾಯಿಂಟ್‌ಗಿಂತ (ಗಾಳಿಯ ತೇವ ನೀರಾಗತೊಡಗುವ ಉಷ್ಣಕ್ಕಿಂತ) ತಣ್ಣಗಾದರೆ ಐಜಿಬಿಟಿ ಮೇಲೆಯೇ ಬೆವರು. ಕಂಪ್ರೆಸರ್ ನಿಂತಾಗಲೂ ಕೂಲಿಂಗ್ ವಾಲ್ವ್ ತೆರೆದೇ ಉಳಿದಿದ್ದರೆ ಹೀಗಾಗುತ್ತದೆ. ಮುಚ್ಚಿದ ಕೂಲಂಟ್ ಸರ್ಕ್ಯೂಟ್‌ಗೆ ತಯಾರಕರು ಹೇಳಿದ ದ್ರವವೇ. ನಲ್ಲಿ ನೀರು ಟಾಪ್-ಅಪ್ ಮಾಡಿದರೆ ತುಕ್ಕು ನಿರೋಧಕ ದುರ್ಬಲವಾಗಿ ಒಳಗಿನ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ, ಡ್ರೈವ್ ಬೇಸಗೆಯಲ್ಲಿ ಓವರ್‌ಟೆಂಪರೇಚರ್ ಟ್ರಿಪ್ ಆಗುತ್ತದೆ.

ತಿರುಗುವ ದಿಕ್ಕು

ಡ್ರೈವ್ ಒಳಗೆ ಎಲ್ಲವೂ ಡಿಸಿ ಆಗಿಬಿಡುವುದರಿಂದ ಒಳಬರುವ ಆರ್, ಎಸ್ ಅದಲುಬದಲು ಮಾಡಿದರೆ ಮೋಟಾರಿಗೆ ಗೊತ್ತೇ ಆಗುವುದಿಲ್ಲ. ದಿಕ್ಕು ಬದಲಾಗುವುದು ಯು, ವಿ, ಡಬ್ಲ್ಯುನಲ್ಲಿ ಎರಡನ್ನು ಬದಲಿಸಿದರೆ ಅಥವಾ ಪ್ಯಾರಾಮೀಟರ್‌ನಲ್ಲಿ. ಬೈಪಾಸ್‌ನಲ್ಲಿ ಮಾತ್ರ ಒಳಬರುವ ಫೇಸ್ ಕ್ರಮವೇ ದಿಕ್ಕು. ಈಗ ಅಪಾಯ ನೋಡಿ: ಡ್ರೈವ್‌ನಲ್ಲಿ ಉಲ್ಟಾ ಓಡಿತೆಂದು ಯಾರೋ ಒಳಬರುವ ಫೇಸ್ ಬದಲಿಸುತ್ತಾರೆ, ಏನೂ ಬದಲಾಗದೆ ಕೊನೆಗೆ ಪ್ಯಾರಾಮೀಟರ್ ತಿದ್ದುತ್ತಾರೆ. ಒಳಬರುವ ಕಡೆಯ ಬದಲಾವಣೆ ಹಾಗೇ ಉಳಿಯುತ್ತದೆ. ಎಷ್ಟೋ ತಿಂಗಳ ನಂತರ ಡ್ರೈವ್ ಕೆಟ್ಟು ಬೈಪಾಸ್‌ಗೆ ಹಾಕಿದ ದಿನ ಸ್ಕ್ರೂ ಕಂಪ್ರೆಸರ್ ಪೂರ್ಣ ವೇಗದಲ್ಲಿ ಹಿಮ್ಮುಖ ತಿರುಗುತ್ತದೆ. ಸ್ಕ್ರೂ ಆಗಲಿ ಸ್ಕ್ರಾಲ್ ಆಗಲಿ ಅದನ್ನು ಹೆಚ್ಚು ಹೊತ್ತು ತಾಳುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ಒಳಬರುವ ಕಡೆ ಫೇಸ್ ಸೀಕ್ವೆನ್ಸ್ ಮೀಟರ್‌ನಿಂದ ಬೈಪಾಸ್ ದಿಕ್ಕು ಖಚಿತ ಮಾಡಿ. ನಂತರ ಡ್ರೈವ್‌ನ ಯು, ವಿ, ಡಬ್ಲ್ಯು ಅದೇ ಕ್ರಮದಲ್ಲಿ ಕಂಪ್ರೆಸರ್‌ನ 1, 2, 3ಕ್ಕೆ ಹೋಗಿವೆಯೇ ವೈರ್ ಹಿಡಿದು ನೋಡಿ. ಸೆಮಿ-ಹರ್ಮೆಟಿಕ್‌ನಲ್ಲಿ ಶಾಫ್ಟ್ ಕಾಣುವುದಿಲ್ಲ, ಹಾಗಾಗಿ ಗೇಜ್ ಕಟ್ಟಿ ಒಂದೆರಡು ಸೆಕೆಂಡ್ ಓಡಿಸಿ: ಸಕ್ಷನ್ ಇಳಿದು ಡಿಸ್ಚಾರ್ಜ್ ಏರಿದರೆ ಸರಿ. ಸೂಜಿಗಳು ಅಲ್ಲಾಡದೆ ಕರ್ಕಶ ಸದ್ದು ಬಂದರೆ ತಕ್ಷಣ ನಿಲ್ಲಿಸಿ.

ಮೊದಲ ಸ್ಟಾರ್ಟ್‌ಗೆ ಮುನ್ನ

ಆಯಿಲ್ ಹೀಟರ್ 12ರಿಂದ 24 ಗಂಟೆ ಉರಿದಿರಬೇಕು. ಬೀಗ ಹಾಕುವಾಗ ಹೀಟರನ್ನೂ ಇಳಿಸಿದ್ದೀರಿ, ನೆನಪಿರಲಿ. ದೀರ್ಘ ಸರ್ವಿಸ್ ಮುಗಿಸಿ ಕೂಡಲೇ ಸ್ಟಾರ್ಟ್ ಕೊಟ್ಟರೆ ಎಣ್ಣೆಯಲ್ಲಿ ಕರಗಿದ ರೆಫ್ರಿಜರೆಂಟ್ ನೊರೆಯಾಗಿ ಬೇರಿಂಗ್ ಒಣಗುತ್ತದೆ.

ಪ್ಯಾರಾಮೀಟರ್‌ನಲ್ಲಿ ನೇಮ್‌ಪ್ಲೇಟ್‌ನ ವೋಲ್ಟ್, ಆಂಪಿಯರ್, ಹರ್ಟ್ಜ್ ಹಾಕುವುದು ಎಲ್ಲರಿಗೂ ಗೊತ್ತು. ತಪ್ಪುವುದು ಕನಿಷ್ಠ ಫ್ರೀಕ್ವೆನ್ಸಿಯಲ್ಲಿ. ಪಂಪ್‌ನ ಅಭ್ಯಾಸದಲ್ಲಿ 10 ಹರ್ಟ್ಜ್ ಬಿಟ್ಟರೆ ಕಂಪ್ರೆಸರ್‌ನಲ್ಲಿ ಎಣ್ಣೆ ಏರುವುದಿಲ್ಲ, ಸಕ್ಷನ್ ಗ್ಯಾಸ್‌ನಿಂದ ತಂಪಾಗುವ ವೈಂಡಿಂಗ್‌ಗೆ ಗ್ಯಾಸ್ ಸಾಲುವುದಿಲ್ಲ. ಬಹಳಷ್ಟು ಸ್ಕ್ರೂ ಕಂಪ್ರೆಸರ್‌ಗಳಿಗೆ ಈ ಮಿತಿ 25-30 ಹರ್ಟ್ಜ್ ಆಸುಪಾಸು, ಸ್ಕ್ರಾಲ್‌ಗೆ ಇನ್ನೂ ಮೇಲೆ ಇರಬಹುದು. ಸೆಂಟ್ರಿಫ್ಯೂಗಲ್‌ನಲ್ಲಿ ಕನಿಷ್ಠ ವೇಗವನ್ನು ಸರ್ಜ್ ಗೆರೆ (ಗ್ಯಾಸ್ ಹಿಂದಕ್ಕೆ ನುಗ್ಗತೊಡಗುವ ಮಿತಿ) ತೀರ್ಮಾನಿಸುತ್ತದೆ, ಅದು ಚಿಲ್ಲರ್ ಕಂಟ್ರೋಲರ್‌ನ ಕೆಲಸ, ಡ್ರೈವ್‌ನಲ್ಲಿ ಕೈಯಾಡಿಸಬೇಡಿ. ಸ್ವಿಚಿಂಗ್ ಫ್ರೀಕ್ವೆನ್ಸಿ ಏರಿಸಿದರೆ ಮೋಟಾರ್ ಸದ್ದು ತಗ್ಗುತ್ತದೆ, ಡ್ರೈವ್ ಕಾಯುತ್ತದೆ, ಲೀಕೇಜ್ ಹೆಚ್ಚುತ್ತದೆ. ಪ್ಲಾಂಟ್ ರೂಮಿನಲ್ಲಿ ಸದ್ದಿಗೆ ಹೆದರುವವರಿಲ್ಲ, ಕಾರ್ಖಾನೆಯ ಸೆಟ್ಟಿಂಗ್ ಬಿಡಿ. ಫ್ಯಾನ್‌ಗೆ ಫ್ಲೈಯಿಂಗ್ ಸ್ಟಾರ್ಟ್ (ಆಗಲೇ ತಿರುಗುತ್ತಿರುವ ಮೋಟಾರನ್ನು ಹಿಡಿದು ಓಡಿಸುವ ಸೆಟ್ಟಿಂಗ್) ಆನ್ ಇರಲಿ. ಕಂಪ್ರೆಸರ್‌ಗೆ ಡ್ರೈವ್‌ನ ಆಟೊ ರೀಸ್ಟಾರ್ಟ್ ಆಫ್.

ಮೆಗ್ಗರ್

ಡ್ರೈವ್‌ಗೆ ಮೆಗ್ಗರ್ ಹಾಕುವಂತಿಲ್ಲ. 500 ಅಥವಾ 1000 ವೋಲ್ಟ್ ಅದರ ಔಟ್‌ಪುಟ್‌ಗೆ ಹೋದರೆ ಐಜಿಬಿಟಿ ಮತ್ತು ಸರ್ಜ್ ರಕ್ಷಕಗಳಿಗೆ ಏಟು. ಬಸ್ ಖಾಲಿಯೆಂದು ಅಳೆದ ಮೇಲೆ ಯು, ವಿ, ಡಬ್ಲ್ಯು ಮೂರೂ ಬಿಚ್ಚಿ ದೂರ ಇಟ್ಟು, ಕೇಬಲ್-ಮೋಟಾರ್ ಕಡೆ ಮಾತ್ರ 500 ವೋಲ್ಟ್‌ನಲ್ಲಿ 1 ನಿಮಿಷ ಹಾಕಿ, ಕೊನೆಯಲ್ಲಿ ವೈಂಡಿಂಗನ್ನು ಅರ್ಥಿಂಗ್‌ಗೆ ಡಿಸ್ಚಾರ್ಜ್ ಮಾಡಿ. ಸಾಮಾನ್ಯ ಲೋ-ವೋಲ್ಟೇಜ್ ಮೋಟಾರಿಗೆ ಐಇಇಇ 43ರ ಕನಿಷ್ಠ 5 ಮೆಗಾಓಮ್, 40 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಿ. ಹರ್ಮೆಟಿಕ್‌ನಲ್ಲಿ ದ್ರವ ರೆಫ್ರಿಜರೆಂಟ್‌ನಲ್ಲಿ ನೆಂದ ವೈಂಡಿಂಗ್ ಕಡಿಮೆ ತೋರುತ್ತದೆ. ಕಂಪ್ರೆಸರ್ ಸುಟ್ಟಿತೆಂದು ತೀರ್ಮಾನಿಸುವ ಮುನ್ನ ಹೀಟರ್‌ನಿಂದ ಬೆಚ್ಚಗೆ ಮಾಡಿ ಮತ್ತೆ ಅಳೆಯಿರಿ, ತಯಾರಕರ ಮಿತಿಗೆ ಹೋಲಿಸಿ.

ಸಿಸ್ಟಂ ವ್ಯಾಕ್ಯೂಮ್‌ನಲ್ಲಿದ್ದಾಗ ಮಾತ್ರ ಮೆಗ್ಗರೂ ಬೇಡ, ಪವರೂ ಬೇಡ. ತೆಳುವಾದ ಗ್ಯಾಸ್‌ನಲ್ಲಿ ಕಡಿಮೆ ವೋಲ್ಟೇಜ್‌ಗೇ ಪಿನ್‌ಗಳ ನಡುವೆ ಕಿಡಿ ಹಾರಿ ವೈಂಡಿಂಗ್ ಹೋಗುತ್ತದೆ. ವ್ಯಾಕ್ಯೂಮ್ ಪಂಪ್ ಓಡುವಾಗ ಬ್ರೇಕರ್‌ಗೆ ಬೀಗ ಇರಬೇಕು.

ಡ್ರೈವ್ ಸತ್ತಿದೆಯೇ, ಮೋಟಾರೇ

ಬಸ್ ಖಾಲಿಯೆಂದು ಅಳೆದ ಮೇಲೆ ಎಲ್ಲ ವೈರ್ ಬಿಚ್ಚಿ, ಮಲ್ಟಿಮೀಟರ್ ಡಯೋಡ್ ರೇಂಜ್‌ನಲ್ಲಿ. ಕೆಂಪು ಪ್ರೋಬ್ ಡಿಸಿ ಮೈನಸ್‌ಗೆ, ಕಪ್ಪು ಸರದಿಯಲ್ಲಿ ಆರ್, ಎಸ್, ಟಿ, ಯು, ವಿ, ಡಬ್ಲ್ಯುಗೆ: ಸುಮಾರು 0.3ರಿಂದ 0.6 ವೋಲ್ಟ್ ಬರಬೇಕು. ಕಪ್ಪು ಡಿಸಿ ಪ್ಲಸ್‌ಗೆ, ಕೆಂಪು ಆರಕ್ಕೂ: ಅದೇ ಅಂಕಿ. ಪ್ರೋಬ್ ತಿರುಗಿಸಿದರೆ ಓಪನ್, ಅಥವಾ ಕೆಪಾಸಿಟರ್ ತುಂಬುತ್ತ ಏರುವ ಅಂಕಿ. ಎರಡೂ ಕಡೆ ಸೊನ್ನೆ ಬಂದ ಟರ್ಮಿನಲ್ ಶಾರ್ಟ್. ಇಲ್ಲಿ ನೋಡಬೇಕಾದದ್ದು ಅಂಕಿಗಿಂತ ಸಮಾನತೆ: ಐದು 0.45 ತೋರಿ ಒಂದು 0.2 ತೋರಿದರೆ ಅದರ ಮೇಲೆ ಕಣ್ಣಿಡಿ. ಥೈರಿಸ್ಟರ್ ರೆಕ್ಟಿಫೈಯರ್ (ಡಯೋಡ್ ಬದಲು ಸಿಗ್ನಲ್ ಕೊಟ್ಟರೆ ಮಾತ್ರ ತೆರೆಯುವ ಸ್ವಿಚ್‌ಗಳಿಂದ ಎಸಿಯನ್ನು ಡಿಸಿ ಮಾಡುವ ಭಾಗ) ಇರುವ ದೊಡ್ಡ ಡ್ರೈವ್‌ಗಳಲ್ಲಿ ಆರ್, ಎಸ್, ಟಿಯಿಂದ ಪ್ಲಸ್‌ಗೆ ಎರಡೂ ಕಡೆ ಓಪನ್ ಬರುವುದು ದೋಷವಲ್ಲ.

ಟ್ರಿಪ್ ಸಂದೇಶಗಳಲ್ಲಿ ಅರ್ಥ್ ಫಾಲ್ಟ್ ಬಂದರೆ ಮೋಟಾರ್ ಕೇಬಲ್ ಬಿಚ್ಚಿ ಡ್ರೈವ್ ಒಂದನ್ನೇ ಓಡಿಸಿ: ಫಾಲ್ಟ್ ಹೋದರೆ ದೋಷ ಕೇಬಲ್ ಅಥವಾ ಮೋಟಾರ್ ಕಡೆ, ಉಳಿದರೆ ಡ್ರೈವ್‌ನಲ್ಲಿ. ಈ ಪ್ರತಿ ಬಿಚ್ಚುವಿಕೆಗೂ ಬೀಗ, ಕಾಯುವಿಕೆ, ಅಳತೆ ಮೊದಲಿನಿಂದ. ಡಿಸಿ ಓವರ್‌ವೋಲ್ಟೇಜ್ ನಿಲ್ಲಿಸುವಾಗಲೇ ಬರುತ್ತಿದ್ದರೆ ಡಿಸೆಲರೇಷನ್ ಸಮಯ ಹೆಚ್ಚಿಸಿ, ಅಥವಾ ಕೋಸ್ಟ್ ಸ್ಟಾಪ್‌ಗೆ ಹಾಕಿ; ಓಡುವಾಗ ಬಂದರೆ ಲೈನ್ ಕಡೆ ನೋಡಿ, ದೊಡ್ಡ ಕೆಪಾಸಿಟರ್ ಬ್ಯಾಂಕ್ ಸ್ವಿಚ್ ಆಗುವ ಹೊತ್ತಿಗೂ ಟ್ರಿಪ್ ಹೊತ್ತಿಗೂ ತಾಳೆ ಇದೆಯೇ ಎಂದು. ಓವರ್‌ಕರೆಂಟ್‌ಗೆ ರೀಸೆಟ್ ಮಾಡಿ ಮಾಡಿ ಪ್ರಯತ್ನಿಸುವುದು ಅರ್ಧ ಸತ್ತ ಐಜಿಬಿಟಿಯನ್ನು ಪೂರ್ತಿ ಕೊಲ್ಲುತ್ತದೆ. ಒಂದು ರೀಸೆಟ್, ಮತ್ತೆ ಬಂದರೆ ಮೀಟರ್. ಔಟ್‌ಪುಟ್ ವೋಲ್ಟೇಜ್ ಅಳೆಯಲು ಲೋ-ಪಾಸ್ ಫಿಲ್ಟರ್ ಇರುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು, ಸಾದಾ ಮೀಟರ್ ಪಲ್ಸ್ ನೋಡಿ ಏನೇನೋ ಹೇಳುತ್ತದೆ.

ಕಂಪ್ರೆಸರ್ ಒಳಗೇ ಸುಟ್ಟಿದೆ ಎಂದಾದರೆ ಎಣ್ಣೆ ಮುಟ್ಟುವ ಮೊದಲು ಗ್ಲೌಸ್, ಕನ್ನಡಕ. ಆರ್ಕ್‌ನಲ್ಲಿ ಫ್ಲೋರಿನ್ ಇರುವ ರೆಫ್ರಿಜರೆಂಟ್ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಆಗಿರುತ್ತದೆ.

ನಿಯತ ಸರ್ವಿಸ್

ಫಿಲ್ಟರ್, ಹೀಟ್‌ಸಿಂಕ್ ರೆಕ್ಕೆಗಳು, ಫ್ಯಾನ್: ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಏರ್ ಕಂಪ್ರೆಸರ್‌ನ ಗಾಳಿ ಊದಿದರೆ ಅದರ ತೇವ, ಎಣ್ಣೆ ಎರಡೂ ಬೋರ್ಡ್ ಮೇಲೆ. ಲೋಡ್‌ನಲ್ಲಿರುವಾಗ ಥರ್ಮಲ್ ಕ್ಯಾಮೆರಾದಿಂದ ಮೂರು ಫೇಸ್‌ನ ಲಗ್ ಹೋಲಿಸಿ, ಒಂದೇ ಕಾಯ್ದಿದ್ದರೆ ಪೇಂಟ್ ಗೆರೆ ನೋಡುವ ಸಮಯ. ಅದೇ ಲೋಡ್‌ನಲ್ಲಿ ಬಸ್ ವೋಲ್ಟೇಜ್, ಹೀಟ್‌ಸಿಂಕ್ ಉಷ್ಣ, ಮೂರು ಫೇಸ್ ಕರೆಂಟ್ ಬರೆದಿಡಿ. ಹೀಟ್‌ಸಿಂಕ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಫ್ಯಾನ್ ಸಾಯುವ ಮೊದಲೇ ತಿಳಿಯುತ್ತದೆ. ಪ್ಯಾರಾಮೀಟರ್ ಬ್ಯಾಕಪ್ ಕೀಪ್ಯಾಡ್‌ನಲ್ಲಿ ಒಂದು, ಕಂಪ್ಯೂಟರ್‌ನಲ್ಲಿ ಒಂದು.

ಸ್ಟೋರ್‌ನಲ್ಲಿ ಬಿಡಿಯಾಗಿ ಇಟ್ಟ ಡ್ರೈವ್ ಕೂಡ ಹಳಸುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಪವರ್ ಕಾಣದೆ ಕೂತಿದ್ದರೆ ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ರಿಫಾರ್ಮ್ ಮಾಡಬೇಕು, ಅಂದರೆ ಮೆಲ್ಲಗೆ ವೋಲ್ಟೇಜ್ ಏರಿಸಿ ಮತ್ತೆ ಸಜ್ಜುಗೊಳಿಸಬೇಕು: ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್), ಮೋಟಾರ್ ಕಟ್ಟದೆ, ಶೇ. 25, 50, 75, 100 ವೋಲ್ಟೇಜ್‌ನಲ್ಲಿ ತಲಾ ಅರ್ಧ ಗಂಟೆ, ಅಥವಾ ತಯಾರಕರ ಪಟ್ಟಿಯಂತೆ. ಥೈರಿಸ್ಟರ್ ರೆಕ್ಟಿಫೈಯರ್ ಇರುವ ಡ್ರೈವ್‌ಗೆ ಈ ದಾರಿ ನಡೆಯುವುದಿಲ್ಲ, ಬಸ್‌ಗೇ ನೇರ ಡಿಸಿ ಕೊಡಬೇಕು. ಕೊನೆಯ ಸಲ ರಿಫಾರ್ಮ್ ಮಾಡಿದ ತಾರೀಕನ್ನು ಪೆಟ್ಟಿಗೆಯ ಹೊರಗೇ ಅಂಟಿಸಿ. ಚಿಲ್ಲರ್ ನಿಂತ ರಾತ್ರಿ ಪೆಟ್ಟಿಗೆ ಒಳಗಿನ ಕಾಗದ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ.